25ನೇ ಮದುವೆ ವಾರ್ಷಿಕೋತ್ಸವ: ಹೆಂಡತಿಯ ಧಾರೆ ಸೀರೆ ಸರಿಮಾಡಿಸಿ ಕೊಡಲೋ, ಹೊಸದೇ ತರಲೋ?

ಹಾಸನದವ:

ಬರುವ ಮಾಘದಲ್ಲಿ ಮದುವೆಗೆ 25 ತುಂಬುತ್ತೆ. ಏನು ಬೇಕು ಅಂತ ಕೇಳಿದರೆ "ಏನೂ ಬೇಡ" ಅನ್ನೋ ಉತ್ತರ. ಅದನ್ನು ನಂಬಿ ಸುಮ್ಮನಿರುವಷ್ಟು ಧೈರ್ಯ ನನಗಿಲ್ಲ. 30 ಸಾವಿರದವರೆಗೆ ಖರ್ಚು ಮಾಡಬಹುದು. ಚಿನ್ನದ ಉಂಗುರ ಅಥವಾ ಮೈಸೂರು ಸಿಲ್ಕ್ ಅಂದುಕೊಂಡಿದ್ದೆ. ಈಗ ಮನಸ್ಸು ಅವಳ ಧಾರೆ ಸೀರೆಯ ಕಡೆ ವಾಲಿದೆ.

ಸೀರೆಯ ಸ್ಥಿತಿ ಹೀಗಿದೆ: ಕುಂಕುಮ ಬಣ್ಣದ ಕಂಚಿ, ಹಸಿರು ಅಂಚು. ಮಡಿಕೆಯ ಗೆರೆಗಳಲ್ಲಿ ಅಲ್ಲಲ್ಲಿ ಸೀಳಿದೆ. ಒಂದು ಕಡೆ ಅಂಚು ಒಡಲಿನಿಂದ ಗೇಣುದ್ದ ಬಿಟ್ಟುಕೊಂಡಿದೆ. ಸೆರಗಿನ ಜರಿ ಕಪ್ಪು. ಅರಿಶಿನದ ಕಲೆಗಳೂ ಇವೆ. ಇಷ್ಟು ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ನುಸಿಗುಳಿಗೆ ಜೊತೆ ಇತ್ತು. ಒಬ್ಬ ಅಂಗಡಿಯವರು "ಅಂಚು, ಸೆರಗು ಕತ್ತರಿಸಿ ಹೊಸ ರೇಷ್ಮೆಗೆ ಹಾಕಿ ಕೊಡ್ತೀವಿ" ಅಂದರು. ಇನ್ನೊಬ್ಬರು "ಜರಿ ತೂಕಕ್ಕೆ ಹಾಕಿ, ಹೊಸದು ತಗೊಳ್ಳಿ" ಅಂದರು. ಅವಳಿಗೆ ತಿಳಿಯದ ಹಾಗೆ ಸರಿಮಾಡಿಸಬಹುದಾ? ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟೂ ಇದೆ, ಅದರಿಂದ ಏನಾದರೂ ಪ್ರಯೋಜನ ಉಂಟಾ?

ರಫೂಕೈ:

ತೂಕಕ್ಕೆ ಹಾಕುವ ಮಾತು ಮೊದಲು ಬಿಡಿ. ಆ ವ್ಯಾಪಾರದಲ್ಲಿ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಎಷ್ಟು ಬೆಳ್ಳಿ ಬಂತು ಅಂತ ಕೊಟ್ಟವರಿಗೆ ತಿಳಿಯುವ ದಾರಿಯೇ ಇಲ್ಲ, ಸೀರೆಯಂತೂ ವಾಪಸ್ ಬರುವುದಿಲ್ಲ.

ಸೀರೆ ಉಡುವ ಹಾಗಾಗುತ್ತದೋ ಇಲ್ಲವೋ ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಮಂಚದ ಮೇಲೆ ಒಗೆದ ಬಿಳಿ ಹತ್ತಿ ಪಂಚೆ ಹಾಸಿ, ಕೈಯಿಂದ ಉಂಗುರ, ವಾಚು ತೆಗೆದಿಟ್ಟು ಒಂದೊಂದೇ ಮಡಿಕೆ ಬಿಡಿಸಿ. ಹಗಲಲ್ಲಿ ಕಿಟಕಿಗೆ ಅಡ್ಡ ಹಿಡಿದರೆ ಮಡಿಕೆಗೆರೆಗಳಲ್ಲಿ ಬೆಳಕಿನ ಚುಕ್ಕಿ ಕಾಣುತ್ತವೆ. ಕಣ್ಣಿಗೆ ಸೀಳು ಕಾಣದ ಕಡೆಯೂ ಚುಕ್ಕಿ ಇದ್ದರೆ ಅಲ್ಲಿ ಎಳೆ ತುಂಡಾಗಲು ಶುರುವಾಗಿದೆ ಅಂತಲೇ ಲೆಕ್ಕ. ಆಮೇಲೆ ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ, ಒಂದಿಂಚು ಅಂತರದಲ್ಲಿ ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ಅಗಲಿಸಿ. ಬಟ್ಟೆ ಬಿಗಿದು ನಿಂತರೆ ರೇಷ್ಮೆಗೆ ಇನ್ನೂ ಜೀವ ಇದೆ. ಟಿಸ್ ಅಂದು ಬಿಟ್ಟುಕೊಂಡರೆ ನಾರೇ ಒಣಗಿದೆ, ಅದಕ್ಕೆ ರಫೂ (ಸೀಳನ್ನು ಎಳೆಯಿಂದ ನೇಯ್ದಂತೆ ತುಂಬುವ ಕೆಲಸ) ಮಾಡಿದರೆ ರಫೂ ಉಳಿದು ಪಕ್ಕದ ಬಟ್ಟೆ ಸೀಳುತ್ತದೆ. ಈ ಪರೀಕ್ಷೆ ಸೆರಗಿನಲ್ಲಿ ಬೇಡ.

ಗೆರೆಯಲ್ಲೇ ಯಾಕೆ ಸೀಳುತ್ತದೆ? ವರ್ಷಗಟ್ಟಲೆ ಒಂದೇ ಕಡೆ ಮಡಿಕೆ ಬಿದ್ದರೆ ಲೋಹದ ಜರಿ ಆ ಗೆರೆಯಲ್ಲಿ ಮುರಿಯುತ್ತದೆ. ಮುರಿದ ತುದಿ ಪಕ್ಕದ ರೇಷ್ಮೆ ಎಳೆಯನ್ನು ತರಿಯುತ್ತದೆ. ಪ್ಲಾಸ್ಟಿಕ್ಕು ತೇವವನ್ನು ಒಳಗೇ ಹಿಡಿದಿಟ್ಟು ಇದಕ್ಕೆ ಸಹಾಯ ಮಾಡುತ್ತದೆ.

ಜೀವ ಇದೆ ಅಂತಾದರೆ ಕೆಲಸದ ಕ್ರಮ ಮುಖ್ಯ. ಮೊದಲು ಹಳೆಯ ಫಾಲ್ ಬಿಚ್ಚಿಸಿ. ಫಾಲ್ ಒಂದು ಅಳತೆಗೆ ಕುಗ್ಗಿ ಸೀರೆ ಇನ್ನೊಂದು ಅಳತೆಗೆ ನಿಂತಾಗ ಅಂಚು ಸುರುಟಿಕೊಳ್ಳುತ್ತದೆ. ಕೆಳಗಿನ ಅಂಚು ಹರಿಯಲು ಎಷ್ಟೋ ಸಲ ಅದೇ ಕಾರಣ. ಆಮೇಲೆ ಉದ್ದದ ಸೀಳುಗಳನ್ನು ತೆಳು ನೆಟ್ಟಿಗೆ ದೂರ ದೂರ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಹಿಡಿಸಿ, ಡ್ರೈಕ್ಲೀನಿಂಗಿಗೆ ಕೊಡಿ. ರಫೂ ಅದಾದ ಮೇಲೆ. ಕೊಳೆ ಇದ್ದಾಗಲೇ ರಫೂ ಮಾಡಿಸಿದರೆ ಬಣ್ಣ ಹೊಂದಿಸಿದ್ದು ಕ್ಲೀನಿಂಗ್ ನಂತರ ಹೊಂದುವುದಿಲ್ಲ, ಜೊತೆಗೆ ಕ್ಲೀನಿಂಗಿನಲ್ಲಿ ಹೊಸ ಸೀಳು ಹೊರಬಿದ್ದರೆ ಎರಡನೇ ಸಲ ಕೂಲಿ. ಕೊನೆಗೆ ಹೊಸ ಹತ್ತಿ ಫಾಲ್, ಅದೂ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ, ಕೈಹೊಲಿಗೆಯಲ್ಲಿ.

ಅರ್ಧ ಇಂಚಿನೊಳಗಿನ ಸೀಳಿಗೆ ರಫೂ ಸಾಕು. ಅದಕ್ಕೆ ಬೇಕಾದ ಎಳೆಯನ್ನು ಒಳತುದಿಯಿಂದಲೇ ತೆಗೆಯಬೇಕು. ಅಂಗಡಿಯ ದಾರ ಎಷ್ಟೇ ಹೋಲಿದರೂ ಬಿಸಿಲಿಗೆ ಹಿಡಿದಾಗ ಬೇರೆಯಾಗಿ ಕಾಣುತ್ತದೆ. ಉದ್ದದ ಸೀಳಿಗೆ ಹಿಂದಿನಿಂದ ಅದೇ ಬಣ್ಣದ ತೆಳು ರೇಷ್ಮೆ ಕ್ರೇಪ್ ಕೊಟ್ಟು ಹೊಲಿಯಬೇಕು. ಆ ತುಂಡು ಸೀಳಿನ ಆಚೆ ಎಲ್ಲಾ ಕಡೆ ಕನಿಷ್ಠ ಎರಡಿಂಚು ಹೋಗಲಿ, ಆಗ ಭಾರ ಗಟ್ಟಿ ಬಟ್ಟೆಯ ಮೇಲೆ ಬೀಳುತ್ತದೆ. "ಪೇಸ್ಟಿಂಗ್ ಹಾಕ್ತೀವಿ, ಇಸ್ತ್ರಿ ಒತ್ತಿದರೆ ಅಂಟುತ್ತೆ" ಅಂದರೆ ಸೀರೆ ವಾಪಸ್ ತಗೊಳ್ಳಿ. ಆ ಅಂಟು ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಬಟ್ಟೆ ಬಿರುಸಾಗಿ ಅಂಟಿನ ಅಂಚಿನಗುಂಟ ಹೊಸ ಸೀಳು ಬೀಳುತ್ತದೆ.

ಅಂಚು ಬಿಟ್ಟುಕೊಂಡಿರುವುದಕ್ಕೆ ಅಷ್ಟು ಹೆದರಬೇಡಿ. ಕಂಚಿಯ ಕೊರವೈ ಸೀರೆಯಲ್ಲಿ ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿ, ಎರಡರ ಹೊಕ್ಕು (ಅಡ್ಡ) ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಂದಿರುತ್ತವೆ. ಸೀರೆಯ ದುರ್ಬಲ ಜಾಗ ಅದೇ. ಆದರೆ ಅಲ್ಲಿ ಬಟ್ಟೆ ಹರಿದಿರುವುದಕ್ಕಿಂತ ಕೊಂಡಿ ಬಿಟ್ಟಿರುವುದೇ ಹೆಚ್ಚು. ಹಿಂದಿನಿಂದ ಕೈಯಲ್ಲಿ ಸಣ್ಣ ಹೊಲಿಗೆ ಹಾಕಿ ಕೂಡಿಸಬಹುದು. ಮಿಷನ್ ಹೊಲಿಗೆ ಮಾತ್ರ ಬೇಡ. ಅಂಚೆಚೀಟಿಯ ತೂತುಗಳ ಹಾಗೆ ಸಾಲಾಗಿ ಸೂಜಿ ತೂತು ಬಿದ್ದು ಮುಂದೆ ಅದೇ ಸಾಲಿನಲ್ಲಿ ಹರಿಯುತ್ತದೆ.

ಜರಿ ಕಪ್ಪಾಗಿದ್ದರೆ ಅದು ಒಳ್ಳೆಯ ಸುದ್ದಿಯೂ ಇರಬಹುದು. ಒಳತುದಿಯಲ್ಲಿ ಬಿಚ್ಚಿಕೊಂಡ ಒಂದು ಜರಿ ಎಳೆ ಸಿಕ್ಕರೆ ಉಗುರಿನಿಂದ ಬಿಡಿಸಿ. ಒಳಗೆ ಕೆಂಪು ಅಥವಾ ಹಳದಿ ರೇಷ್ಮೆ, ಸುತ್ತ ಬಿಳಿ ಲೋಹ ಇದ್ದರೆ ಬೆಳ್ಳಿ ಜರಿ. ಕೆಂಪು ಲೋಹ ಕಂಡರೆ ತಾಮ್ರ, ಅದಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ದೀಪದ ಹತ್ತಿರ ಹಿಡಿದ ಕೂಡಲೇ ಮುದುಡಿಕೊಂಡರೆ ಪ್ಲಾಸ್ಟಿಕ್ ಜರಿ. ಬೆಳ್ಳಿಯ ಕಪ್ಪು ತೆಗೆಯಲು ಹುಣಸೆಹಣ್ಣು, ಟೂತ್‌ಪೇಸ್ಟ್, ಬೆಳ್ಳಿ ಪಾತ್ರೆ ಅದ್ದುವ ದ್ರಾವಣ ಯಾವುದನ್ನೂ ತಾಗಿಸಬೇಡಿ. ಮೇಲಿನ ಚಿನ್ನದ ಲೇಪ ತೀರಾ ತೆಳು, ಕಪ್ಪಿನ ಜೊತೆ ಅದೂ ಹೋಗುತ್ತದೆ. ಹುಳಿ ಒಳಗಿನ ರೇಷ್ಮೆ ಎಳೆಯಲ್ಲೇ ಉಳಿಯುತ್ತದೆ. ಒಣ ಮೆತ್ತನೆ ಹತ್ತಿಬಟ್ಟೆಯಿಂದ ಜರಿಯ ಉದ್ದಕ್ಕೆ ಒರೆಸಿ ಬಂದಷ್ಟು ಬರಲಿ. ಉಳಿದ ಕಂದು ಬಣ್ಣ 25 ವರ್ಷದ ಸೀರೆಗೆ ಒಪ್ಪುತ್ತದೆ.

ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕ್ಷಾರಕ್ಕೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವುದೂ ಇದೇ ಗುಣದಿಂದ. ಹತ್ತಿಬಟ್ಟೆಯಾದರೆ ಬಿಸಿಲಿಗೆ ಹಾಕಿ ಕಲೆ ಮಾಸುವಂತೆ ಮಾಡಬಹುದು, ರೇಷ್ಮೆಗೆ ಹಾಗೆ ಮಾಡಿದರೆ ಸೀರೆಯ ಬಣ್ಣವೂ ಜೊತೆಗೇ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ ಧಾರೆ ಸೀರೆಯ ಅರಿಶಿನ ತೆಗೆಸಲೇಬೇಡಿ. ಕ್ಲೀನಿಂಗಿನವರಿಗೆ "ಕಲೆಗೆ ಕೈಹಾಕಬೇಡಿ, ರೋಲ್ ಪಾಲಿಶ್ ಬೇಡ" ಅಂತ ಚೀಟಿಯಲ್ಲಿ ಬರೆಸಿ. ಪಾಲಿಶ್‌ನ ಗಂಜಿ ಸೀರೆಯನ್ನು ಬಿರುಸು ಮಾಡುತ್ತದೆ, ಮೊದಲ ಮಡಿಕೆಗೇ ಹಳೆಯ ಗೆರೆ ಬಾಯಿಬಿಡುತ್ತದೆ.

ತೂಕದಕಟ್ಟು:

ಉಂಗುರದ ಬಗ್ಗೆ ಎರಡೇ ಮಾತು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರಟ್ ಆದರೆ 916, ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಗಷ್ಟೇ ಇರುವ ಗುರುತುಸಂಖ್ಯೆ), ಮೂರೂ ಇರಬೇಕು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಅಂಗಡಿಯಲ್ಲೇ ಹಾಕಿ ನೋಡಿ. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ, ಮಜೂರಿ ಬೇರೆ ಬೇರೆ ಬರೆಸಿ. ಅಳತೆಗೆ ಅವರು ಈಗ ಹಾಕುತ್ತಿರುವ ಉಂಗುರವನ್ನೇ ಒಯ್ಯಿರಿ, ಯಾವ ಬೆರಳಿನದು ಅಂತ ಮೊದಲು ನೋಡಿಕೊಂಡು. ಈ ಬಜೆಟ್ಟಿನಲ್ಲಿ ಮಜೂರಿ ಮತ್ತು ಶೇ. 3 ಜಿಎಸ್‌ಟಿ ಕಳೆದರೆ ಉಳಿಯುವ ಚಿನ್ನ ತೀರಾ ಹಗುರ. ಅದಕ್ಕಿಂತ ಸೀರೆ ವಾಸಿ.

ಮೈಸೂರು ಸಿಲ್ಕ್ ಅಂದರೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮಾಲು, ಅದು ಈಗ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು (ಕೆಎಸ್‌ಐಸಿ). ಅವರ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಪ್ರತಿ ಸೀರೆಗೂ ಅದರದೇ ಕೋಡ್ ಸಂಖ್ಯೆ ಇರುತ್ತದೆ. ಬೋರ್ಡಿನ ಮೇಲೆ "ಮೈಸೂರು ಸಿಲ್ಕ್" ಅಂತಿರುವ ಅಂಗಡಿಗಳೆಲ್ಲ ಅದನ್ನೇ ಮಾರುತ್ತಿಲ್ಲ. ಬೇರೆ ಕಡೆ ರೇಷ್ಮೆ ಕೊಳ್ಳುವಾಗ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಆದರೆ ಅದು ರೇಷ್ಮೆ ಅಸಲಿ ಅಂತಷ್ಟೇ ಹೇಳುತ್ತದೆ. ಜರಿ ಬೆಳ್ಳಿಯದೋ ಪ್ಲಾಸ್ಟಿಕ್ಕಿನದೋ, ನೇಯ್ದದ್ದು ಕೈಮಗ್ಗದಲ್ಲೋ ಪವರ್‌ಲೂಮಿನಲ್ಲೋ ಅನ್ನುವುದಕ್ಕೂ ಆ ಚೀಟಿಗೂ ಸಂಬಂಧ ಇಲ್ಲ. ಇಲ್ಲೇ ಬಹಳ ಜನ ಮೋಸ ಹೋಗೋದು.

ಗುಳೇದಗುಡ್ಡದಾಕಿ:

ಮೈಸೂರು ಸಿಲ್ಕ್ ಛಲೋನ ಅದರಿ, ಆದ್ರ ಅಂಗಡ್ಯಾಗ ಇದ್ದದ್ದರಾಗ ಆರಿಸ್ಕೊಂಡು ಬರಬೇಕು. ಇಳಕಲ್ ಆದ್ರ ಹೇಳಿ ನೇಯಿಸಬಹುದು. ಹೊಸಾದು ಕೊಡೂದ ಆದ್ರ ಇದನ್ನೂ ವಿಚಾರ ಮಾಡ್ರಿ.

ನೇಕಾರರಿಗೆ ಹೇಳೂ ಮುಂದ ನಾಕು ಮಾತು ಸ್ಪಷ್ಟ ಇರಲಿ. ಒಡಲಿಗೆ ಹತ್ತಿನೋ ರೇಷ್ಮಿನೋ. ಸೆರಗಿಗೆ ಅಸಲ ರೇಷ್ಮಿನೋ ಆರ್ಟ್ ಸಿಲ್ಕೋ (ಕೃತಕ ರೇಷ್ಮಿ), ರೇಟಿನಾಗ ದೊಡ್ಡ ಫರಕ್ ಬರೂದು ಇಲ್ಲೇ, ಬಾಯಿಮಾತಿನ್ಯಾಗ "ರೇಷ್ಮಿ" ಅಂದು ಬಿಟ್ರ ಎರಡೂ ಒಂದ ಆಗ್ತಾವು. ದಡಿ (ಅಂಚು) ಯಾವುದು: ಗೋಮಿ, ಚಿಕ್ಕಿ, ಗಾಡಿ, ಪರಾಸಪೇಟ. ಉದ್ದ ಆರು ವಾರನೋ ಒಂಬತ್ತು ವಾರನೋ. ಕುಪ್ಪಸಕ್ಕ ಬ್ಯಾರೆ ಗುಳೇದಗುಡ್ಡ ಖಣ ತಗೋರಿ, ಇಳಕಲ್ ಸೀರಿಗೆ ಖಣಾನ ಜೋಡಿ. ಬಣ್ಣಕ್ಕ ನಿಮ್ಮ ಧಾರೆ ಸೀರಿ ಕುಂಕುಮ ಇದ್ರ ಗಿರಿಕುಂಕುಮ ನೋಡ್ರಿ, ಎರಡೂ ಬಾಜೂ ಬಾಜೂ ಇಟ್ರ ಹೊಂದತಾವು.

ಇಳಕಲ್ ಸೀರಿದು ಜೀವ ಅಂದ್ರ ಟೋಪತೆನಿ ಸೆರಗು. ಒಡಲಿನ ಹಾಸು (ಉದ್ದನ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಎಳಿ ಎಳಿ ಕೊಂಡಿ ಹಾಕಿ ಕೂಡಸ್ತಾರ. ಸೆರಗು ಸುರು ಆಗೂ ಜಾಗಾ ತಿರುವಿ ನೋಡ್ರಿ, ಕೊಂಡಿ ಇದ್ರ ಅಲ್ಲಿ ಒಂದು ಸಣ್ಣ ಗೆರಿ ಬೆರಳಿಗೆ ಹತ್ತತದ, ಬಣ್ಣ ಕತ್ತರಿಸಿದಂಗ ಬದಲ ಆಗತದ. ಬರೇ ಹೊಕ್ಕು ಬದಲ ಮಾಡಿ ಕೆಂಪು ತೋರಿಸಿದ್ದಾದ್ರ ಒಡಲಿನ ಬಣ್ಣ ಸೆರಗಿನ್ಯಾಗ ಇಣುಕತದ.

ಮ್ಯಾಲೆ ಕಸೂತಿ ಹಾಕಸೂದಾದ್ರ ವ್ಯಾಳ್ಯಾ ಬೇಕು. ಸೆರಗು, ದಡಿ ಎರಡೂ ಅಂದ್ರ ತಿಂಗಳಗಟ್ಟಲೆ ಹಿಡೀತದ, ಮಾಘಕ್ಕ ಬೇಕಾದ್ರ ಈಗ ಹೇಳ್ರಿ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಕು ಹೊಲಿಗಿ. ಗವಂತಿ, ಮುರಗಿ ಕೈಲೆ ಹಾಕಿದ್ದಾದ್ರ ಎರಡೂ ಮಗ್ಗಲಾ ಒಂದ ಥರಾ ಕಾಣತದ, ಗಂಟು ಇರಂಗಿಲ್ಲ. ಮಷೀನಿಂದಾದ್ರ ಹಿಂದ ಬಾಬಿನ್ ದಾರ ಕಾಣತದ. ಗೋಪುರ, ಆನಿ ಅಂಬಾರಿ, ತುಳಸಿಕಟ್ಟಿ, ತೇರು, ತೊಟ್ಟಲಾ ಎಲ್ಲಾ ಎಳಿ ಎಣಿಸಿ ಹಾಕೂವು. ಮದುವಿ ತಾರೀಖು ಹಾಕಸಬೇಕಂದ್ರ ಒಳತುದಿಗೆ ಅಂಕಿ ಹಾಕಸ್ರಿ, ಹೆಸರು ಬ್ಯಾಡ. ಗವಂತಿ ನೆಟ್ಟಗ, ಅಡ್ಡ, ಮೂಲಿಗೆ ಹೋಗತದ, ನಮ್ಮ ಕನ್ನಡ ಅಕ್ಷರದ ದುಂಡು ಅದಕ್ಕ ಬರಂಗಿಲ್ಲ, ಓದಲಿಕ್ಕೂ ಆಗಂಗಿಲ್ಲ. ಕೆಂಪು, ಕಪ್ಪು ದಾರ ಬಣ್ಣ ಬಿಡತಾವು ಏನ ಅಂತ ಮೊದಲ ಹಸಿ ಬಿಳಿ ಅರಿವಿಲೆ ಒತ್ತಿ ನೋಡ್ರಿ. ಕರಿ ಚಂದ್ರಕಾಳಿ ಸೀರಿ ಮ್ಯಾಲೆ ಕಸೂತಿ ಭಾಳ ಚಂದ, ಖರೆ, ಆದ್ರ ಶುಭಕಾರ್ಯಕ್ಕ ಕರಿ ಬ್ಯಾಡ ಅನ್ನೂ ಮನಿ ನಿಮ್ಮದಾದ್ರ ಕೇಳೇ ತಗೋರಿ.

ಹಾಸನದವ:

ರಫೂಕೈ ಹೇಳಿದ ಹಾಗೆ ನೋಡಿದೆ. ಒಳತುದಿ ಬಿಗಿಯಾಗಿ ನಿಂತಿತು. ಗೆರೆಗಳಲ್ಲಿ ಮಾತ್ರ ಬೆಳಕಿನ ಚುಕ್ಕಿಗಳಿವೆ. ಜರಿಯೊಳಗೆ ಕೆಂಪು ಎಳೆ, ಲೋಹ ಬಿಳಿ. ಹಾಗಿದ್ದರೆ ಅಂಚು, ಸೆರಗು ಕತ್ತರಿಸಿ ಹೊಸ ರೇಷ್ಮೆಗೆ ಹಾಕಿಸುವುದು ಇನ್ನೂ ಗಟ್ಟಿಯಲ್ಲವಾ?

ಚಿಕ್ಕಪೇಟೆ_ಕತ್ತರಿ:

ಅಲ್ಲ. ಒಡಲು ಸತ್ತು ಅಂಚು ಉಳಿದಿದ್ದರೆ ಆ ಕೆಲಸ. ನಿಮ್ಮದರಲ್ಲಿ ಒಡಲೇ ಗಟ್ಟಿ ಇದೆ, ಕತ್ತರಿಸಿದರೆ ಒಂದು ಸೀರೆ ಹೋಗಿ ಅಂಚಿರುವ ಇನ್ನೊಂದು ಸೀರೆ ಬರುತ್ತದೆ, ಅಷ್ಟೆ.

ಆದರೂ ಲೆಕ್ಕ ಹೇಳುತ್ತೇನೆ, ಓದುವ ಬೇರೆಯವರಿಗೆ ಬೇಕಾಗಬಹುದು. ಸೀರೆಯ ಅಗಲ 47 ಇಂಚು, ಎರಡು ಕಡೆ ಐದೈದು ಇಂಚು ಅಂಚು ಇದ್ದರೆ ಹೊಸ ಒಡಲು 37 ಇಂಚು, ಹೊಲಿಗೆಗೆ ಎರಡೂ ಕಡೆ ಅರ್ಧರ್ಧ ಸೇರಿಸಿ 38. ಉದ್ದವನ್ನು ಐದೂವರೆ ಮೀಟರ್ ಅಂತ ಊಹಿಸಬೇಡಿ, ಹಳೆಯ ಅಂಚನ್ನು ಹಾಸಿ ಅಳೆಯಿರಿ, ಮೇಲಿನ ಅಂಚಿಗೂ ಕೆಳಗಿನದಕ್ಕೂ ಇಂಚು ವ್ಯತ್ಯಾಸ ಇರುವುದುಂಟು. ಕತ್ತರಿ ಕೊರವೈ ಗೆರೆಯ ಮೇಲೆ ಹೋಗಬಾರದು, ಒಡಲಿನ ಕಡೆ ಅರ್ಧ ಇಂಚು ಬಿಟ್ಟು ಹೋಗಬೇಕು. ಇಲ್ಲದಿದ್ದರೆ ಅಂಚಿನ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹೊಸ ರೇಷ್ಮೆಯನ್ನು ಮೊದಲು ನೀರಿಗೆ ಹಾಕಿ ಕುಗ್ಗಿಸಿರಬೇಕು, ಬಣ್ಣ ಬಿಡುವುದಿಲ್ಲ ಅಂತ ನೋಡಿರಬೇಕು. ಹಳೆಯ ಅಂಚು ಭಾರ, ಈಗಿನ ಒಡಲು ರೇಷ್ಮೆ ಹಗುರ. ಭಾರ ಹೊಂದದಿದ್ದರೆ ಹೊಲಿಗೆಗುಂಟ ಸುಕ್ಕು ನಿಲ್ಲುತ್ತದೆ, ಯಾವ ಇಸ್ತ್ರಿಗೂ ಹೋಗುವುದಿಲ್ಲ.

ಗುಟ್ಟಾಗಿ ಮಾಡಿಸುವ ವಿಷಯ: ರಫೂ, ಹಿಂದಿನ ಬಟ್ಟೆ, ಫಾಲ್, ಇವೆಲ್ಲ ಬಿಚ್ಚಬಹುದಾದ ಕೆಲಸ. ಧಾರಾಳವಾಗಿ ಗುಟ್ಟಾಗಿ ಮಾಡಿಸಿ. ಕತ್ತರಿ, ಬಣ್ಣ ಹಾಕಿಸುವುದು, ಸೀರೆಯಿಂದ ಲಂಗ ಅಥವಾ ಕುಶನ್ ಹೊಲಿಸುವುದು, ಇವು ಅವರ ಒಪ್ಪಿಗೆ ಇಲ್ಲದೆ ಆಗಬಾರದು. ಸೀರೆ ಅವರದು.

ಹಳೇರೀಲು:

ಕ್ಯಾಸೆಟ್ಟನ್ನು ದಯವಿಟ್ಟು ಮೊದಲು ಪ್ಲೇಯರಿಗೆ ಹಾಕಬೇಡಿ. ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಟಾರ್ಚ್ ಬಿಟ್ಟು ಸುರುಳಿಯ ಅಂಚು ನೋಡಿ. ಬಿಳಿ ಪುಡಿ, ಜೇಡರಬಲೆಯಂಥ ಎಳೆ ಕಂಡರೆ ಬೂಷ್ಟು. ಹಾಗೇ ಓಡಿಸಿದರೆ ಅದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಟೇಪು ಹರಿಯಲೂಬಹುದು, ಮುಂದೆ ಹಾಕುವ ಕ್ಯಾಸೆಟ್ಟಿಗೂ ಹರಡುತ್ತದೆ. ಬಿಚ್ಚಿ ಸ್ವಚ್ಛ ಮಾಡುವವರ ಹತ್ತಿರವೇ ಕೊಡಬೇಕು. ಚೊಕ್ಕಟವಾಗಿದ್ದರೆ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಸುರುಳಿಯ ಬಿಗಿ ಒಂದೇ ಸಮನಾಗುತ್ತದೆ. ನಂತರ ಕ್ಯಾಪ್ಚರ್, ಅಂದರೆ ಕಂಪ್ಯೂಟರಿಗೆ ಇಳಿಸುವುದು.

ಸ್ಟುಡಿಯೋದವರಿಗೆ ಕೇಳಬೇಕಾದ್ದು: 720×576, ಸೆಕೆಂಡಿಗೆ 25 ಫ್ರೇಮ್, ಪಾಲ್ (ನಮ್ಮ ದೇಶದ ಹಳೆಯ ಟಿವಿ ಮಾದರಿ). ಟೈಮ್ ಬೇಸ್ ಕರೆಕ್ಟರ್ ಇರುವ ಡೆಕ್ (ಪ್ಲೇಯರ್) ಇದ್ದರೆ ಉತ್ತಮ, ಗೆರೆಗಳು ಅಲುಗಾಡುವುದು ನಿಲ್ಲುತ್ತದೆ. "ಎಚ್‌ಡಿ ಮಾಡಿ ಕೊಡ್ತೀವಿ" ಅನ್ನುವುದಕ್ಕೆ ದುಡ್ಡು ಕೊಡಬೇಡಿ, ಟೇಪಿನಲ್ಲಿ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ ಅಂದರೆ ಅನುಮಾನಿಸಿ. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯಲ್ಲಿ ಫ್ರೇಮ್ ಬಿಟ್ಟುಹೋಗಿ ಮಾಂಗಲ್ಯಧಾರಣೆಯ ಹೊತ್ತಿಗೆ ಚಿತ್ರ ಮುಂದೆ, ವಾಲಗ ಹಿಂದೆ ಆಗಿರುತ್ತದೆ. ಮೂಲ ಕ್ಯಾಪ್ಚರ್ ಫೈಲ್ ಮತ್ತು ಎಂಪಿ4, ಎರಡನ್ನೂ ಪಡೆಯಿರಿ.

ನಿರೀಕ್ಷೆ ಮಾತ್ರ ಹದದಲ್ಲಿರಲಿ. ಆಗಿನ ವಿಡಿಯೋ ಮಿಕ್ಸಿಂಗಿನವರು ಹೃದಯದಾಕಾರದ ಚೌಕಟ್ಟು ಹಾಕಿ, ಮೂಲ ಧ್ವನಿ ಅಳಿಸಿ ಸಿನಿಮಾ ಹಾಡು ತುಂಬಿಸಿರುತ್ತಾರೆ. ಮಂತ್ರ, ಮಾತು ಸಿಕ್ಕದಿರಬಹುದು. ಅದೇ ಹಾಡುಗಳಿಂದ ಯೂಟ್ಯೂಬಿಗೆ ಹಾಕಿದಾಗ ಕಾಪಿರೈಟ್ ತಕರಾರೂ ಬರುತ್ತದೆ, ಮನೆಯವರಿಗೆ ಪೆನ್‌ಡ್ರೈವ್ ಕೊಟ್ಟು ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ವಿಡಿಯೋದಿಂದ ತೆಗೆದ ಚಿತ್ರ ಮೂರು-ನಾಲ್ಕು ಇಂಚಿಗಿಂತ ದೊಡ್ಡದಾಗಿ ಪ್ರಿಂಟ್ ಆಗುವುದಿಲ್ಲ. ಫ್ರೇಮ್ ಹಾಕಿಸುವುದಿದ್ದರೆ ನೆಗೆಟಿವ್ ಹುಡುಕಿ 2400 ಡಿಪಿಐಗಿಂತ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಇಲ್ಲದಿದ್ದರೆ ಆಲ್ಬಮ್ಮಿನ ಪ್ರಿಂಟ್ 600ಕ್ಕೆ. ಅಂಟು ಹಾಳೆಯ ಆಲ್ಬಮ್ಮಾದರೆ ಫೋಟೋ ಕೀಳಬೇಡಿ, ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆದರೆ ಬಿಡುತ್ತದೆ.

ರಫೂಕೈ:

ಬೆಳ್ಳಿ ಜರಿ, ಒಡಲಿಗೆ ಜೀವ ಇದೆ, ಸೀಳು ಗೆರೆಗಳಲ್ಲಿ ಮಾತ್ರ. ಹಾಗಾದರೆ ಸರಿಮಾಡಿಸಿ. ಎರಡು ತಿಂಗಳು ಕೈಯಲ್ಲಿಟ್ಟುಕೊಳ್ಳಿ, ಮದುವೆ ಸೀಸನ್ನಿನಲ್ಲಿ ರಫೂದವರು ದಿನ ಕೊಟ್ಟು ತಪ್ಪಿಸುವುದು ಸಾಮಾನ್ಯ. ಸೀರೆ ಕೊಡುವ ಮುನ್ನ ಪ್ರತಿ ಸೀಳಿನ ಪಕ್ಕ ಬಿಳಿ ಹತ್ತಿದಾರದ ಒಂದು ಸಡಿಲ ಹೊಲಿಗೆ ಹಾಕಿ ಗುರುತು ಮಾಡಿ, ಒಟ್ಟು ಎಷ್ಟು ಅಂತ ರಸೀದಿಯಲ್ಲಿ ಬರೆಸಿ. ಪೆನ್ನು, ಸ್ಟೇಪಲ್ ಪಿನ್ನು, ಅಂಟುಚೀಟಿ ಯಾವುದೂ ಬೇಡ. ಅಂಗಡಿಯವರು ಬಟ್ಟೆಗೆ ಪಿನ್ ಹೊಡೆಯುವುದು ಅಭ್ಯಾಸಬಲ, ಎದುರು ನಿಂತು ತಡೆಯಿರಿ.

ವಾಪಸ್ ಬಂದ ಮೇಲೆ ಎರಡು ದಿನ ನೆರಳಲ್ಲಿ ಗಾಳಿಗೆ ಹಾಸಿಡಿ, ನುಸಿಗುಳಿಗೆಯ ವಾಸನೆ ಹೋಗಬೇಕು. ಹಳೆಯ ಗೆರೆ ತಪ್ಪಿಸಿ ಬೇರೆ ಅಳತೆಗೆ ಮಡಿಸಿ, ಜರಿ ಒಳಮುಖವಾಗಿರಲಿ, ಮಡಿಕೆಯ ನಡುವೆ ಮೆತ್ತನೆ ಹತ್ತಿಬಟ್ಟೆಯ ಸುರುಳಿ ಇಟ್ಟರೆ ಚೂಪಾದ ಗೆರೆ ಬೀಳುವುದಿಲ್ಲ. ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗೆ ಒಣಬೇವಿನ ಎಲೆಯ ಚೀಲ ಬೀರುವಿನ ಮೂಲೆಯಲ್ಲಿರಲಿ, ಸೀರೆಗೆ ತಾಗುವಂತೆ ಬೇಡ. ಉಟ್ಟಾಗ ಸೆರಗಿಗೆ ಸೇಫ್ಟಿ ಪಿನ್ ಹಾಕುವುದಾದರೆ ಒಡಲಿನ ಬಟ್ಟೆಗೆ, ಹಿಂದೆ ಸಣ್ಣ ಬಟ್ಟೆತುಂಡು ಕೊಟ್ಟು.

ಒಂದು ವಿಷಯ ಯಾರೂ ಹೇಳಲಿಲ್ಲ: ಬ್ಲೌಸ್. ಮದುವೆಯ ಬ್ಲೌಸ್ ಈಗ ಆಗುವುದು ಅನುಮಾನ, ಆದರೂ ಅದರ ಬಟ್ಟೆ ಬಿಸಾಡಬೇಡಿ, ತೋಳಿನ ಜರಿ ಅಂಚನ್ನು ಹೊಸ ಬ್ಲೌಸಿಗೆ ಹಾಕಿಸಬಹುದು. ಬಿಚ್ಚುವ ಮೊದಲು ಇದಕ್ಕೂ ಅವರನ್ನೇ ಕೇಳಿ. ಹಸಿರು ಬಟ್ಟೆ ಹೊಂದಿಸಲು ಮೊಬೈಲ್ ಫೋಟೋ ಒಯ್ಯಬೇಡಿ, ರೇಷ್ಮೆಯ ಬಣ್ಣ ಫೋಟೋದಲ್ಲಿ ನಿಜ ಹೇಳುವುದಿಲ್ಲ. ಅಂಚಿನ ಒಂದು ಬಿಡಿ ಎಳೆಯನ್ನು ಬಿಳಿ ಕಾಗದಕ್ಕೆ ಸುತ್ತಿಕೊಂಡು ಹೋಗಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲಾಚೆ ಹಗಲು ಬೆಳಕಲ್ಲಿ ಹೋಲಿಸಿ ತಗೊಳ್ಳಿ.